ಮಕ್ಕಳ ಮನಸ್ಸಿನ ವೈದ್ಯ ಡಾ. ಜಾನ್ ಬೌಲ್ಬಿ

ಹುಡುಗನೊಬ್ಬನು ಕದ್ದನೆಂಬ ಸುದ್ದಿ ಕಿವಿಗೆ ಬಿದ್ದೊಡನೆ ನಮ್ಮ ಸಮಾಜದ ಕೈ ಬೆತ್ತವನ್ನು ಅರಸುತ್ತದೆ. ಅವನ ಹುಟ್ಟು, ಅವನ ಸಹವಾಸ, ಅವನ ಹಣೆಬರಹ ಇವುಗಳನ್ನು ಹಳಿದು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ಅವನು ಪರರ ವಸ್ತುವಿಗೆ ಕೈಹಾಕುವ ಮೊದಲು ಅವನ ಕೈಯಿಂದ ಏನು ಜಾರಿಹೋಗಿತ್ತು ಎಂದು ವಿಚಾರಿಸುವವರು ವಿರಳ. ಈ ಒಂದು ಪ್ರಶ್ನೆಯನ್ನೇ ಬಾಳಿನ ಕಾಯಕವನ್ನಾಗಿ ಮಾಡಿಕೊಂಡು, ಸುಮಾರು ಅರವತ್ತು ವರ್ಷಗಳ ಕಾಲ ಅದರ ಬೆನ್ನುಹತ್ತಿ ನಡೆದ ಇಂಗ್ಲೆಂಡಿನ ಮನೋವೈದ್ಯ ಡಾ. ಜಾನ್ ಬೌಲ್ಬಿಯವರ ಚರಿತ್ರೆಯನ್ನು ಇಂದು ವಾಚಕರ ಮುಂದಿಡುತ್ತಿದ್ದೇವೆ.

ಪರದೇಶದ ವೈದ್ಯರೊಬ್ಬರ ಜೀವನದಿಂದ ನಮಗೇನು ಪ್ರಯೋಜನವೆಂದು ಯಾರೂ ಕೇಳಲಾರರೆಂದು ನಂಬಿದ್ದೇವೆ. ಅಗಲಿಕೆಯೆಂಬುದು ನಮ್ಮ ಪಾಲಿಗೆ ಪುಸ್ತಕದ ಶಬ್ದವಲ್ಲ. ಎಳೆಯ ವಯಸ್ಸಿನಲ್ಲಿಯೇ ಊರು ಬಿಟ್ಟು, ಹೋಟೆಲಿನಲ್ಲಿ ಮಾಣಿಯಾಗಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತು ಮೇಲೆ ಬಂದವರು ನಮ್ಮಲ್ಲಿ ಅನೇಕರು. ಹೆಂಡತಿ ಮಕ್ಕಳನ್ನು ಊರಿನಲ್ಲಿಯೇ ಬಿಟ್ಟು ವರ್ಷಕ್ಕೊಮ್ಮೆ ಮುಖ ಕಾಣುವವರೂ ಇದ್ದಾರೆ. ಮಗುವಿನ ಮನಸ್ಸಿನ ಮೇಲೆ ಅಗಲಿಕೆ ಏನು ಮಾಡುತ್ತದೆ, ಆದ ಗಾಯವನ್ನು ಹೇಗೆ ಮಾಯಿಸಬಹುದು ಎಂಬ ವಿಷಯ ನಮ್ಮ ಮನೆಯ ಹೊಸ್ತಿಲಿನದೇ ಆಗಿದೆ.

ಸಿರಿವಂತರ ಮನೆಯ ಏಕಾಕಿ ಬಾಲಕ

ಜಾನ್ ಬೌಲ್ಬಿಯವರು ಲಂಡನ್ನಿನಲ್ಲಿ ೧೯೦೭ನೆಯ ಇಸವಿಯ ಫೆಬ್ರವರಿ ೨೬ರಂದು ಜನಿಸಿದರು. ತಂದೆ ಸರ್ ಆಂಥೊನಿ ಬೌಲ್ಬಿಯವರು ಅರಮನೆಯ ಸೇವೆಯಲ್ಲಿಯೂ ಇದ್ದ ಹೆಸರಾಂತ ಶಸ್ತ್ರವೈದ್ಯರು. ಆರು ಮಂದಿ ಮಕ್ಕಳಲ್ಲಿ ಜಾನ್ ನಾಲ್ಕನೆಯವರು. ಅನ್ನಕ್ಕೆ ಬಡತನವಿರಲಿಲ್ಲ, ಬಟ್ಟೆಗೆ ಬಡತನವಿರಲಿಲ್ಲ. ಆದರೆ ಆ ಕಾಲದ ಇಂಗ್ಲಿಷ್ ಸಿರಿವಂತರಲ್ಲಿ ಮಕ್ಕಳನ್ನು ಹೆತ್ತವರೇ ಎತ್ತಿ ಆಡಿಸುವ ರೂಢಿಯಿರಲಿಲ್ಲ. ಹೆಚ್ಚು ಮುದ್ದು ಮಾಡಿದರೆ ಮಗು ಕೆಡುವುದೆಂದು ಅವರು ನಂಬಿದ್ದರು. ಸಂಜೆಯ ಚಹಾದ ನಂತರ ಒಂದು ತಾಸು ಮಕ್ಕಳನ್ನು ಶುಚಿಗೊಳಿಸಿ ತಾಯಿಯ ಮುಂದೆ ತಂದು ನಿಲ್ಲಿಸುವರು; ಉಳಿದ ಹೊತ್ತೆಲ್ಲ ದಾದಿಯರ ವಶ.

ಹೀಗಾಗಿ ಬಾಲಕ ಜಾನ್ ತಾಯಿಯೆಂದು ಮನಸಾರೆ ಅಪ್ಪಿಕೊಂಡದ್ದು ಮಿನ್ನಿ ಎಂಬ ಎಳೆಯ ದಾದಿಯನ್ನು. ಅವನಿಗೆ ನಾಲ್ಕು ವರ್ಷ ತುಂಬುವ ಹೊತ್ತಿಗೆ ಆ ದಾದಿ ಕೆಲಸ ಬಿಟ್ಟು ಹೊರಟುಹೋದಳು. ಮನೆಯ ಹಿರಿಯರಿಗೆ ಅದು ಒಬ್ಬ ಆಳು ಹೋಗಿ ಇನ್ನೊಬ್ಬ ಆಳು ಬಂದ ಸಾಮಾನ್ಯ ಸಂಗತಿ. ಮಗುವಿಗೆ ಮಾತ್ರ ಅದು ತಾಯಿಯನ್ನೇ ಕಳೆದುಕೊಂಡಷ್ಟು ದೊಡ್ಡ ನಷ್ಟವಾಯಿತೆಂಬುದನ್ನು ಅವರು ಮುಂದೆ ವೃದ್ಧಾಪ್ಯದಲ್ಲಿಯೂ ಮರೆಯಲಿಲ್ಲ. ಅನಂತರ ಬಂದದ್ದು ಮನೆಯಿಂದ ದೂರದ ವಸತಿಶಾಲೆ. ಅಲ್ಲಿಂದ ಡಾರ್ಟ್ಮತ್‌ನ ನೌಕಾದಳದ ಕಾಲೇಜು. ಆ ಬಾಳು ಅವರಿಗೆ ಒಗ್ಗಲಿಲ್ಲ. ತಂದೆಯನ್ನು ಒಪ್ಪಿಸಿ ಅಲ್ಲಿಂದ ಬಿಡುಗಡೆ ಪಡೆದು, ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿಗೆ ಸೇರಿ, ವೈದ್ಯಶಾಸ್ತ್ರದ ಪೂರ್ವಭಾಗವನ್ನೂ ಮನಶ್ಶಾಸ್ತ್ರವನ್ನೂ ಓದಿ, ೧೯೨೮ರಲ್ಲಿ ಪದವೀಧರರಾದರು.

ದಾರಿ ತೋರಿದ ಇಬ್ಬರು ಹುಡುಗರು

ಪದವಿ ಪಡೆದ ತರುಣ ಮುಂದಿನ ವೈದ್ಯಕೀಯ ವ್ಯಾಸಂಗಕ್ಕೆ ನೇರವಾಗಿ ಹೋಗದೆ, ಅಂಕೆಗೆ ಸಿಲುಕದ ಮಕ್ಕಳಿಗಾಗಿ ನಡೆಸುತ್ತಿದ್ದ ಒಂದು ಸಣ್ಣ ಶಾಲೆಯಲ್ಲಿ ಕೆಲಸಕ್ಕೆ ನಿಂತುದು ಬಂಧುಗಳಿಗೆ ವಿಚಿತ್ರವೆನಿಸಿರಬೇಕು. ಆದರೆ ಅವರ ಜೀವನಕ್ಕೆ ತಿರುವು ದೊರೆತದ್ದು ಅಲ್ಲಿಯೇ. ಆ ಶಾಲೆಯಲ್ಲಿದ್ದ ಇಬ್ಬರು ಹುಡುಗರು ಅವರ ಮನಸ್ಸನ್ನು ಸೆಳೆದರು. ಒಬ್ಬನು ಹದಿಹರೆಯದವನು. ಕಳ್ಳತನದ ಕಾರಣದಿಂದ ಹಿಂದಿನ ಶಾಲೆಯಿಂದ ಹೊರದೂಡಲ್ಪಟ್ಟವನು. ಯಾರೊಡನೆಯೂ ಸ್ನೇಹವಿಲ್ಲ, ಯಾರ ಮೇಲೂ ಮಮತೆಯಿಲ್ಲ. ಹೊಗಳಿದರೂ ಬೈದರೂ ಅವನ ಮುಖದಲ್ಲಿ ಬದಲಾವಣೆಯಿಲ್ಲ. ಎಳವೆಯಲ್ಲಿ ಸ್ಥಿರವಾಗಿ ತಾಯಿಯಂತೆ ನೋಡಿಕೊಂಡವರು ಯಾರೂ ಅವನಿಗೆ ಇರಲಿಲ್ಲವೆಂದು ತಿಳಿದುಬಂದಿತು. ಇನ್ನೊಬ್ಬನು ಏಳೆಂಟು ವರ್ಷದ ಪುಟ್ಟ ಬಾಲಕ. ಅವನು ಬೌಲ್ಬಿಯವರನ್ನು ಒಂದು ಕ್ಷಣವೂ ಬಿಡದೆ ನೆರಳಿನಂತೆ ಹಿಂಬಾಲಿಸುತ್ತಿದ್ದನು.

ಒಬ್ಬನಿಗೆ ಯಾರೂ ಬೇಡ. ಇನ್ನೊಬ್ಬನಿಗೆ ಹಿಡಿದವರನ್ನು ಬಿಡುವ ಧೈರ್ಯವಿಲ್ಲ. ಹೊರಗೆ ವಿರುದ್ಧವಾಗಿ ಕಾಣುವ ಈ ಎರಡು ನಡತೆಗಳ ಬೇರು ಒಂದೇ ನೆಲದಲ್ಲಿರಬಹುದೆ ಎಂಬ ಯೋಚನೆ ತರುಣನನ್ನು ಕಾಡತೊಡಗಿತು. ಅಲ್ಲಿಯ ಹಿರಿಯ ಸಹೋದ್ಯೋಗಿಯೊಬ್ಬರು ವೈದ್ಯನಾಗು, ಮನೋವಿಶ್ಲೇಷಣೆಯನ್ನು ಕಲಿ ಎಂದು ಪ್ರೇರೇಪಿಸಿದರು. ಅದರಂತೆ ೧೯೨೯ರಲ್ಲಿ ಲಂಡನ್ನಿಗೆ ಮರಳಿ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯಲ್ಲಿ ವೈದ್ಯಶಿಕ್ಷಣಕ್ಕೆ ಸೇರಿ, ೧೯೩೩ರಲ್ಲಿ ವೈದ್ಯರಾದರು. ಮಾಡ್ಸ್ಲಿ ಆಸ್ಪತ್ರೆಯಲ್ಲಿ ಮನೋರೋಗ ಚಿಕಿತ್ಸೆಯ ಅನುಭವ ಪಡೆದು, ೧೯೩೬ರಿಂದ ಲಂಡನ್ನಿನ ಬಾಲ ಮಾರ್ಗದರ್ಶನ ಚಿಕಿತ್ಸಾಲಯದಲ್ಲಿ ಕೆಲಸಮಾಡತೊಡಗಿದರು. ೧೯೩೮ರಲ್ಲಿ ಉರ್ಸುಲಾ ಲಾಂಗ್‌ಸ್ಟಾಫ್ ಎಂಬವರನ್ನು ವಿವಾಹವಾದರು. ದಂಪತಿಗಳಿಗೆ ನಾಲ್ವರು ಮಕ್ಕಳು.

ಆ ವರ್ಷವೇ ನಡೆದ ಒಂದು ಘಟನೆ ಅವರ ಚಿತ್ತದಲ್ಲಿ ಅಚ್ಚೊತ್ತಿ ನಿಂತಿತು. ಅಂದು ಮನೋವಿಶ್ಲೇಷಣೆಯಲ್ಲಿ ಪ್ರಖ್ಯಾತರಾಗಿದ್ದ ಮೆಲನಿ ಕ್ಲೈನ್ ಎಂಬ ಮಹಿಳೆಯ ಮೇಲ್ವಿಚಾರಣೆಯಲ್ಲಿ ಮೂರು ವರ್ಷದ ಚಂಚಲ ಬಾಲಕನೊಬ್ಬನಿಗೆ ಅವರು ಚಿಕಿತ್ಸೆ ಮಾಡುತ್ತಿದ್ದರು. ಮಗನನ್ನು ಕರೆತಂದು ಹೊರಗಿನ ಕೋಣೆಯಲ್ಲಿ ಕುಳಿತಿರುತ್ತಿದ್ದ ತಾಯಿ ಬಹಳ ಕಳವಳಗೊಂಡವಳೆಂಬುದು ಅವರ ಕಣ್ಣಿಗೆ ಬಿದ್ದಿತು. ಆದರೆ ಮಗುವಿನ ಕಲ್ಪನಾಲೋಕವೇ ಮುಖ್ಯ, ತಾಯಿಯೊಡನೆ ಮಾತು ಬೇಡವೆಂಬುದು ಮೇಲ್ವಿಚಾರಕರ ಕಟ್ಟಳೆ. ಮೂರು ತಿಂಗಳಲ್ಲಿ ಆ ತಾಯಿಯೇ ಮನೋವಿಕಲಳಾಗಿ ಆಸ್ಪತ್ರೆ ಸೇರಿದಳು. ಮಗುವಿನ ಕಷ್ಟವನ್ನು ತಿಳಿಯಬೇಕಾದರೆ ಮನೆಯ ಕಷ್ಟವನ್ನು ತಿಳಿಯಬೇಕು, ಮಗುವನ್ನು ಉಳಿಸಬೇಕಾದರೆ ತಾಯಿಯ ಕೈಯನ್ನು ಹಿಡಿಯಬೇಕು ಎಂಬ ನಿರ್ಧಾರಕ್ಕೆ ಬೌಲ್ಬಿಯವರು ಬಂದುದರಲ್ಲಿ ಈ ಘಟನೆಯ ಪಾತ್ರ ಸಣ್ಣದಲ್ಲ.

ನಲವತ್ತನಾಲ್ಕು ಬಾಲ ಕಳ್ಳರು

ಚಿಕಿತ್ಸಾಲಯಕ್ಕೆ ಬರುತ್ತಿದ್ದ ಮಕ್ಕಳಲ್ಲಿ ಕಳ್ಳತನದ ಚಟವಿದ್ದ ೪೪ ಮಂದಿಯನ್ನು ಅವರು ಆರಿಸಿಕೊಂಡರು. ಇವರಲ್ಲಿ ೩೧ ಹುಡುಗರು, ೧೩ ಹುಡುಗಿಯರು. ಹೋಲಿಕೆಗಾಗಿ ಅದೇ ಚಿಕಿತ್ಸಾಲಯಕ್ಕೆ ಬೇರೆ ತೊಂದರೆಗಳಿಂದ ಬಂದ, ಆದರೆ ಕದಿಯದ, ೪೪ ಮಂದಿ ಮಕ್ಕಳನ್ನು ತೆಗೆದುಕೊಂಡರು. ಪ್ರತಿಯೊಂದು ಮಗುವಿನ ಎಳವೆಯ ವೃತ್ತಾಂತವನ್ನು ಹೆತ್ತವರಿಂದ ಕೇಳಿ ಬರೆದಿಟ್ಟರು.

ಕದಿಯುವ ಮಕ್ಕಳಲ್ಲಿ ೧೪ ಮಂದಿಯ ಸ್ವಭಾವ ಬೇರೆಯೇ ಆಗಿತ್ತು. ಅವರಲ್ಲಿ ಪ್ರೀತಿಯಿಲ್ಲ, ನಾಚಿಕೆಯಿಲ್ಲ, ಪಶ್ಚಾತ್ತಾಪವಿಲ್ಲ. ಯಾರನ್ನೂ ತಮ್ಮವರೆಂದು ಬಗೆಯುವ ಶಕ್ತಿಯೇ ಒಣಗಿಹೋದಂತಿತ್ತು. ಇಂತಹವರನ್ನು ಬೌಲ್ಬಿಯವರು ಮಮತೆಯಿಲ್ಲದ ಪ್ರಕೃತಿಯವರೆಂದು ಕರೆದರು. ಲೆಕ್ಕ ಹಾಕಿ ನೋಡಲಾಗಿ ಈ ೧೪ ಮಂದಿಯಲ್ಲಿ ೧೨ ಮಂದಿ ಶೈಶವದಲ್ಲಿ ತಾಯಿಯಿಂದಲೋ ತಾಯಿಯ ಸ್ಥಾನದಲ್ಲಿದ್ದವರಿಂದಲೋ ದೀರ್ಘಕಾಲ ಅಗಲಿದ್ದವರೆಂದು ಕಂಡುಬಂದಿತು. ಕದಿಯುವ ಉಳಿದ ೩೦ ಮಂದಿಯಲ್ಲಿ ಅಂತಹವರು ಐವರು ಮಾತ್ರ. ಕದಿಯದ ೪೪ ಮಂದಿಯಲ್ಲಿ ಕೇವಲ ಇಬ್ಬರು. ೧೯೪೪ರಲ್ಲಿ ಪ್ರಕಟವಾದ ಈ ಲೇಖನ ಬೌಲ್ಬಿಯವರಿಗೆ ಕೀರ್ತಿಯನ್ನು ತಂದುದರ ಜೊತೆಗೆ ಬಾಲಾಪರಾಧಗಳ ವಿಚಾರವನ್ನು ಪೊಲೀಸು ಠಾಣೆಯಿಂದ ತೊಟ್ಟಿಲಿನ ಬಳಿಗೆ ಕೊಂಡೊಯ್ದಿತು.

ಅಷ್ಟರಲ್ಲಿ ಮಹಾಯುದ್ಧ ಬಂದಿತ್ತು. ೧೯೩೯ರ ಸೆಪ್ಟೆಂಬರಿನಲ್ಲಿ ಬಾಂಬಿನ ಭಯದಿಂದ ಬ್ರಿಟಿಷ್ ಸರಕಾರ ದೊಡ್ಡ ಪಟ್ಟಣಗಳಿಂದ ಸುಮಾರು ೧೫ ಲಕ್ಷ ಜನರನ್ನು ಹಳ್ಳಿಗಳಿಗೆ ಸಾಗಿಸಿತು. ಇವರಲ್ಲಿ ಹೆತ್ತವರನ್ನು ಬಿಟ್ಟು, ಕೊರಳಿಗೆ ಹೆಸರಿನ ಚೀಟಿ ಕಟ್ಟಿಕೊಂಡು ರೈಲು ಹತ್ತಿದ ಮಕ್ಕಳೇ ಬಹಳ. ಆ ವರ್ಷದ ಡಿಸೆಂಬರಿನಲ್ಲಿ ಬೌಲ್ಬಿ, ಡೊನಾಲ್ಡ್ ವಿನಿಕಾಟ್, ಇಮ್ಯಾನ್ಯುಯೆಲ್ ಮಿಲ್ಲರ್ ಈ ಮೂವರು ವೈದ್ಯರು ಬ್ರಿಟಿಷ್ ವೈದ್ಯಪತ್ರಿಕೆಯೊಂದಕ್ಕೆ ಪತ್ರ ಬರೆದು, ಐದು ವರ್ಷಕ್ಕೆ ಕೆಳಗಿನ ಶಿಶುಗಳನ್ನು ತಾಯಂದಿರಿಂದ ಬೇರ್ಪಡಿಸುವುದು ಅಪಾಯಕರವೆಂದು ಎಚ್ಚರಿಸಿದರು. ಸಾವಿನಿಂದ ಪಾರುಮಾಡುವ ಸದುದ್ದೇಶದ ಕಾರ್ಯವೂ ಮಗುವಿನ ಮನಸ್ಸಿಗೆ ಪೆಟ್ಟಾಗಬಹುದೆಂಬ ಮಾತು ಅಂದಿನ ಅನೇಕರಿಗೆ ಹೊಸದು.

ಆಸ್ಪತ್ರೆಯ ಬಾಗಿಲು ತೆರೆದ ಬಗೆ

ಯುದ್ಧಕಾಲದಲ್ಲಿ ಸೈನ್ಯದ ವೈದ್ಯವಿಭಾಗದಲ್ಲಿ ದುಡಿದ ಬೌಲ್ಬಿಯವರು ಶಾಂತಿ ನೆಲೆಸಿದ ಬಳಿಕ ಲಂಡನ್ನಿನ ಟಾವಿಸ್ಟಾಕ್ ಚಿಕಿತ್ಸಾಲಯದ ಮಕ್ಕಳ ವಿಭಾಗಕ್ಕೆ ಮುಖ್ಯಸ್ಥರಾದರು. ಮೊದಲು ಮಾಡಿದ ಕೆಲಸಗಳಲ್ಲೊಂದು, ಆ ವಿಭಾಗಕ್ಕೆ ಮಕ್ಕಳ ಮತ್ತು ಹೆತ್ತವರ ವಿಭಾಗವೆಂದು ಹೆಸರನ್ನು ಬದಲಿಸಿದ್ದು. ಹೆಸರಿನೊಡನೆ ಪದ್ಧತಿಯೂ ಬದಲಾಯಿತು. ತಂದೆ, ತಾಯಿ, ಮಗು ಎಲ್ಲರನ್ನೂ ಒಟ್ಟಿಗೆ ಕುಳ್ಳಿರಿಸಿಕೊಂಡು ಮಾತನಾಡುವ ಕ್ರಮವನ್ನು ಅವರು ಪ್ರಯೋಗಿಸಿ, ೧೯೪೯ರಲ್ಲಿ ಅದನ್ನು ಕುರಿತು ಬರೆದರು. ಕುಟುಂಬಕ್ಕೇ ಚಿಕಿತ್ಸೆ ಎಂಬ ಈಗಿನ ಪದ್ಧತಿಯ ಮೊದಲ ಹೆಜ್ಜೆಗಳಲ್ಲಿ ಅದೂ ಒಂದು.

೧೯೪೮ರಲ್ಲಿ ಜೇಮ್ಸ್ ರಾಬರ್ಟ್‌ಸನ್ ಎಂಬವರು ಅವರ ಬಳಿ ಕೆಲಸಕ್ಕೆ ಸೇರಿದರು. ಈತ ಯುದ್ಧದ ದಿನಗಳಲ್ಲಿ ಅನ್ನಾ ಫ್ರಾಯ್ಡರು ನಡೆಸುತ್ತಿದ್ದ ಶಿಶುಗೃಹದಲ್ಲಿ ಬಾಯ್ಲರಿಗೆ ಬೆಂಕಿ ಹಾಕುವ ಕೆಲಸದಲ್ಲಿದ್ದವರು. ಅಲ್ಲಿ ಕೆಲಸದ ಆಳುಗಳು ಕೂಡ ಮಕ್ಕಳ ನಡತೆಯನ್ನು ಗಮನಿಸಿ ಬರೆದಿಡಬೇಕೆಂಬ ನಿಯಮವಿತ್ತು. ಹೀಗೆ ನೋಡುವುದನ್ನು ಕಲಿತ ಕಣ್ಣು ಮುಂದೆ ಇಂಗ್ಲೆಂಡಿನ ಆಸ್ಪತ್ರೆಗಳನ್ನೇ ತಿದ್ದಿತು. ದುಡಿಮೆ ಯಾವುದಾದರೇನು, ಗಮನವಿಟ್ಟು ನೋಡುವವನಿಗೆ ವಿದ್ಯೆ ತೆರೆದುಕೊಳ್ಳುತ್ತದೆ ಎಂಬುದಕ್ಕೆ ರಾಬರ್ಟ್‌ಸನ್ನರು ಸಾಕ್ಷಿ.

ಆಗಿನ ಬ್ರಿಟಿಷ್ ಆಸ್ಪತ್ರೆಗಳಲ್ಲಿ ರೋಗಿಯಾದ ಮಗುವನ್ನು ತಾಯಿ ಕಾಣಬೇಕಾದರೆ ವಾರಕ್ಕೊಂದು ದಿನ, ಒಂದೆರಡು ತಾಸು. ಕೆಲವೆಡೆ ಅದೂ ಇಲ್ಲ. ತಾಯಿ ಬಂದರೆ ಮಗು ಅಳುತ್ತದೆ, ಬಾರದಿದ್ದರೆ ನಾಲ್ಕು ದಿನದಲ್ಲಿ ಹೊಂದಿಕೊಳ್ಳುತ್ತದೆ ಎಂಬುದು ವೈದ್ಯರ ದಾದಿಯರ ಸಮರ್ಥನೆ. ರಾಬರ್ಟ್‌ಸನ್ನರು ಕಂಡ ಸಂಗತಿ ಬೇರೆ. ತಾಯಿ ಬಿಟ್ಟುಹೋದೊಡನೆ ಮಗು ಅತ್ತು ಕೂಗಿ ಪ್ರತಿಭಟಿಸುತ್ತದೆ. ಬಳಿಕ ಆಸೆ ಬಿಟ್ಟು ಮಂಕಾಗುತ್ತದೆ. ಕೊನೆಗೆ ಅಳು ನಿಂತು, ಎಲ್ಲರೊಡನೆ ನಗುತ್ತ, ತಾಯಿ ಬಂದರೂ ಮುಖ ತಿರುವುತ್ತದೆ. ದಾದಿಯರು ಸಮಾಧಾನವೆಂದು ಬಗೆದ ಆ ಮೂರನೆಯ ಅವಸ್ಥೆಯೇ ಎಲ್ಲಕ್ಕಿಂತ ಅಪಾಯಕರವೆಂದು ಬೌಲ್ಬಿ ಮತ್ತು ರಾಬರ್ಟ್‌ಸನ್ ವಾದಿಸಿದರು.

ಬಾಯಿಮಾತನ್ನು ನಂಬದವರಿಗಾಗಿ ರಾಬರ್ಟ್‌ಸನ್ನರು ಕೈಯಲ್ಲಿ ಹಿಡಿಯುವ ಕ್ಯಾಮೆರಾ ತಂದು ಚಿತ್ರ ತೆಗೆದರು. ಸಣ್ಣ ಶಸ್ತ್ರಚಿಕಿತ್ಸೆಗಾಗಿ ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡು ವರ್ಷದ ಹೆಣ್ಣು ಮಗುವಿನ ಮುಖವೇ ಆ ಚಿತ್ರದ ಕಥೆ. ೧೯೫೨ರಲ್ಲಿ ಲಂಡನ್ನಿನ ವೈದ್ಯರ ಸಭೆಯಲ್ಲಿ ಅದನ್ನು ತೋರಿಸಿದಾಗ ಹಲವರು ಕೆರಳಿ ಎದ್ದರು. ಆದರೆ ಕಂಡದ್ದನ್ನು ಕಾಣಲಿಲ್ಲವೆನ್ನಲು ಬಹುಕಾಲ ಸಾಧ್ಯವಾಗಲಿಲ್ಲ. ೧೯೫೯ರಲ್ಲಿ ಸರಕಾರ ನೇಮಿಸಿದ ಪ್ಲಾಟ್ ಸಮಿತಿ, ಹೆತ್ತವರು ಬೇಕಾದಾಗ ಬಂದು ಮಗುವನ್ನು ನೋಡಲು ಬಿಡಬೇಕೆಂದೂ ಚಿಕ್ಕ ಮಕ್ಕಳೊಡನೆ ತಾಯಂದಿರೂ ಉಳಿಯಲು ಅನುಕೂಲ ಮಾಡಬೇಕೆಂದೂ ಶಿಫಾರಸು ಮಾಡಿತು. ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಚಾಪೆ ಹಾಸಿ ರಾತ್ರಿಯಿಡೀ ಕಾಯುವ ನಮ್ಮ ತಾಯಂದಿರ ಪದ್ಧತಿಯನ್ನು ಹಿಂದುಳಿದದ್ದೆಂದು ನಗುವವರು ಇದನ್ನು ನೆನೆಯಬೇಕು.

ಜಗತ್ತಿಗೆ ಒಂದು ವರದಿ

ಯುದ್ಧದಿಂದ ಯೂರೋಪಿನಲ್ಲಿ ಅಸಂಖ್ಯ ಮಕ್ಕಳು ಮನೆಯಿಲ್ಲದವರಾಗಿದ್ದರು. ಅವರ ಮನಸ್ಸಿನ ಆರೋಗ್ಯವನ್ನು ಕುರಿತು ವರದಿ ಮಾಡಲು ವಿಶ್ವ ಆರೋಗ್ಯ ಸಂಸ್ಥೆ ಬೌಲ್ಬಿಯವರನ್ನು ಕೋರಿತು. ೧೯೫೦ರಲ್ಲಿ ಅವರು ಫ್ರಾನ್ಸ್, ಹಾಲೆಂಡ್, ಸ್ವೀಡನ್, ಸ್ವಿಟ್ಜರ್ಲೆಂಡ್, ಅಮೆರಿಕಾ ದೇಶಗಳಲ್ಲಿ ಸಂಚರಿಸಿ ಮಕ್ಕಳ ಕೆಲಸದಲ್ಲಿ ನುರಿತವರೊಡನೆ ಚರ್ಚಿಸಿದರು. ೧೯೫೧ರಲ್ಲಿ ಪ್ರಕಟವಾದ ಆ ವರದಿ ಹತ್ತಾರು ಭಾಷೆಗಳಿಗೆ ಅನುವಾದಗೊಂಡಿತು. ಶಿಶುವಿಗೆ ಒಬ್ಬ ತಾಯಿಯ ಅಥವಾ ತಾಯಿಯಂತಿರುವವರ ಬೆಚ್ಚಗಿನ, ಕಡಿಯದ ಸಂಬಂಧ ದೇಹಕ್ಕೆ ಅನ್ನವಿದ್ದಂತೆ ಎಂಬುದು ಅದರ ತಿರುಳು. ನೂರಾರು ಮಕ್ಕಳನ್ನು ಸಾಲು ಮಂಚಗಳಲ್ಲಿ ಮಲಗಿಸುವ ದೊಡ್ಡ ಅನಾಥಾಲಯಕ್ಕಿಂತ ಸಾಮಾನ್ಯವಾದ ಒಂದು ಸಾಕುಮನೆ ಮೇಲು. ಅದಕ್ಕಿಂತಲೂ ಮೇಲಾದುದು, ಬಡತನದಿಂದ ಕುಸಿಯುತ್ತಿರುವ ಮನೆಗೆ ಆಸರೆಯಿತ್ತು ಮಗುವನ್ನು ಅಲ್ಲಿಯೇ ಉಳಿಸುವುದು. ಅನಾಥಾಲಯಕ್ಕೆ ಖರ್ಚುಮಾಡುವ ಹಣವನ್ನು ಹೆತ್ತವರ ನೆರವಿಗೆ ಬಳಸಬಾರದೇಕೆ ಎಂದು ಅವರು ಸರಕಾರಗಳನ್ನು ಪ್ರಶ್ನಿಸಿದರು.

ಆದರೆ ಅಗಲಿಕೆಯಿಂದ ಹಾನಿಯಾಗುತ್ತದೆಂದು ಹೇಳಿದರೆ ಸಾಲದು, ಏಕೆ ಆಗುತ್ತದೆಂದು ಹೇಳಬೇಕಷ್ಟೆ. ಮಗು ತಾಯಿಯನ್ನು ಹಚ್ಚಿಕೊಳ್ಳುವುದು ಹಾಲಿನ ಆಸೆಯಿಂದ ಎಂಬುದು ಅಂದಿನ ಶಾಸ್ತ್ರಜ್ಞರ ಸಾಮಾನ್ಯ ಮತ. ಬೌಲ್ಬಿಯವರಿಗೆ ಅದು ಒಪ್ಪಿಗೆಯಾಗಲಿಲ್ಲ. ಮೊಟ್ಟೆಯೊಡೆದು ಬಂದ ಹೆಬ್ಬಾತಿನ ಮರಿ ಮೊದಲು ಕಂಡ ಚಲಿಸುವ ಪ್ರಾಣಿಯನ್ನೇ ತಾಯಿಯೆಂದು ಹಿಂಬಾಲಿಸುವುದನ್ನು ಕೊನ್ರಾಡ್ ಲೊರೆನ್ಸ್ ಎಂಬ ವಿಜ್ಞಾನಿ ತೋರಿಸಿಕೊಟ್ಟಿದ್ದರು. ಅಲ್ಲಿ ತುತ್ತಿನ ಮಾತೇ ಇಲ್ಲ. ಅಮೆರಿಕೆಯಲ್ಲಿ ಹ್ಯಾರಿ ಹಾರ್ಲೊ ಎಂಬವರು ಕೋತಿಯ ಮರಿಗಳಿಗೆ ಎರಡು ಬೊಂಬೆ ತಾಯಂದಿರನ್ನು ಮಾಡಿಟ್ಟರು. ಹಾಲು ಕೊಡುವ ತಂತಿಯ ಬೊಂಬೆಯನ್ನು ಹಸಿವಾದಾಗ ಮಾತ್ರ ಮುಟ್ಟಿ, ಉಳಿದ ವೇಳೆಯೆಲ್ಲ ಮರಿಗಳು ಮೃದುವಾದ ಬಟ್ಟೆಯ ಬೊಂಬೆಯನ್ನೇ ಅಪ್ಪಿಕೊಂಡಿದ್ದವು. ಕಾಡುಮೃಗಗಳ ಭಯವಿದ್ದ ಕಾಲದಿಂದಲೂ ಹಿರಿಯರ ಬಳಿಯಲ್ಲಿರುವುದೇ ಎಳೆಯ ಜೀವಕ್ಕೆ ರಕ್ಷೆ. ಹಸಿವಿನಂತೆಯೇ ಈ ನಂಟೂ ಹುಟ್ಟಿನೊಡನೆ ಬಂದ ಅಗತ್ಯವೆಂದು ಬೌಲ್ಬಿಯವರು ೧೯೫೮ರಿಂದ ಪ್ರತಿಪಾದಿಸಿದರು. ಗುರುಗಳಾಗಿದ್ದವರೂ ಸಹಪಾಠಿಗಳೂ ಅವರನ್ನು ಟೀಕಿಸಿದರು. ತಮ್ಮ ಸಂಘದಲ್ಲಿಯೇ ಅವರು ಬಹುಕಾಲ ಒಂಟಿಯಾಗಿ ನಿಲ್ಲಬೇಕಾಯಿತು.

ಕೆನಡಾದಿಂದ ಬಂದ ಮೇರಿ ಏನ್ಸ್‌ವರ್ತ್ ಎಂಬ ವಿದುಷಿ ೧೯೫೦ರಲ್ಲಿ ಅವರ ಸಹಾಯಕರಾದರು. ಮುಂದೆ ಈಕೆ ಆಫ್ರಿಕಾದ ಉಗಾಂಡಾದ ಹಳ್ಳಿಗಳಲ್ಲಿಯೂ ಅಮೆರಿಕಾದ ಬಾಲ್ಟಿಮೋರ್ ನಗರದಲ್ಲಿಯೂ ತಾಯಿ ಮಕ್ಕಳನ್ನು ಮನೆಮನೆಗೆ ಹೋಗಿ ಗಮನಿಸಿದರು. ತಾನು ಅತ್ತಾಗ ಓಗೊಡುವವರಿದ್ದಾರೆ ಎಂಬ ಭರವಸೆಯಿರುವ ಮಗು ಹೆಚ್ಚು ಅಂಟಿಕೊಳ್ಳುವುದಿಲ್ಲ; ಧೈರ್ಯದಿಂದ ದೂರ ಹೋಗಿ ಆಡಿ ಮರಳಿ ಬರುತ್ತದೆ ಎಂದು ಅವರು ಕಂಡರು. ಮುದ್ದು ಮಾಡಿದರೆ ಮಗು ಕೆಡುವುದೆಂಬ ಹಳೆಯ ನಂಬಿಕೆಗೆ ಇದಕ್ಕಿಂತ ಬಲವಾದ ಉತ್ತರವಿಲ್ಲ.

ತಪ್ಪನ್ನು ಒಪ್ಪುವ ದೊಡ್ಡತನ

ಬೌಲ್ಬಿಯವರ ಮಾತುಗಳಲ್ಲಿ ಅತಿಶಯೋಕ್ತಿ ಇರಲಿಲ್ಲವೆಂದು ನಾವು ಹೇಳಲಾರೆವು. ಅವರ ಬರಹಗಳನ್ನು ತೋರಿಸಿ, ತಾಯಿಯಾದವಳು ಹೊಸ್ತಿಲು ದಾಟಿ ದುಡಿಯಬಾರದೆಂದು ವಾದಿಸಿದವರಿದ್ದರು. ದುಡಿಯುವ ಹೆಂಗಸರು ಇದರಿಂದ ನೊಂದರು. ಮಾರ್ಗರೆಟ್ ಮೀಡ್‌ರಂತಹ ಮಾನವಶಾಸ್ತ್ರಜ್ಞರು, ಅನೇಕ ಸಮಾಜಗಳಲ್ಲಿ ಮಗುವನ್ನು ಹಲವು ಕೈಗಳು ಬೆಳೆಸುತ್ತವೆಯೆಂಬುದನ್ನು ನೆನಪಿಸಿದರು. ಅಜ್ಜಿ, ಚಿಕ್ಕಮ್ಮ, ಅತ್ತೆ, ಅಕ್ಕಂದಿರ ಸೊಂಟದ ಮೇಲೆ ಬೆಳೆದ ನಮಗೆ ಈ ಮಾತು ಸುಲಭವಾಗಿ ಅರ್ಥವಾಗುತ್ತದೆ. ತಂದೆಯ ಪಾತ್ರಕ್ಕೆ ಬೌಲ್ಬಿಯವರು ಆರಂಭದಲ್ಲಿ ಕೊಟ್ಟ ಸ್ಥಾನವೂ ಸಾಲದಾಗಿತ್ತು.

ಸ್ವತಃ ಅವರೇ ತಮ್ಮ ಮಾತನ್ನು ಪರೀಕ್ಷೆಗೊಡ್ಡಿದರು. ನಾಲ್ಕು ವರ್ಷ ತುಂಬುವ ಮೊದಲು ಕ್ಷಯರೋಗದ ಕಾರಣ ಆರೋಗ್ಯಧಾಮದಲ್ಲಿ ತಾಯಿಯಿಂದ ದೂರವಿದ್ದ ೬೦ ಮಕ್ಕಳನ್ನು, ಅವರು ಶಾಲೆಯ ವಯಸ್ಸಿಗೆ ಬಂದಾಗ ಸಹೋದ್ಯೋಗಿಗಳೊಡನೆ ಪರಿಶೀಲಿಸಿದರು. ಕೆಲವರಲ್ಲಿ ತೊಂದರೆಗಳಿದ್ದವು; ಆದರೆ ಬಹುಮಂದಿ ಮಮತೆಯಿಲ್ಲದವರಾಗಿರಲಿಲ್ಲ. ೧೯೫೬ರಲ್ಲಿ ಈ ಫಲಿತಾಂಶವನ್ನು ಪ್ರಕಟಿಸುವಾಗ, ಅಗಲಿಕೆಯ ಪರಿಣಾಮವನ್ನು ಕುರಿತ ಹಿಂದಿನ ಕೆಲವು ಹೇಳಿಕೆಗಳು ಮಿತಿಮೀರಿದ್ದುವೆಂದು ಅವರು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಕೀರ್ತಿಶಿಖರದಲ್ಲಿರುವಾಗ ಹೀಗೆ ಬರೆಯಲು ಸತ್ಯನಿಷ್ಠೆ ಬೇಕು. ೧೯೭೨ರಲ್ಲಿ ಮೈಕೇಲ್ ರಟ್ಟರ್ ಎಂಬ ಮನೋವೈದ್ಯರು ಈ ವಿಚಾರವನ್ನು ಇನ್ನಷ್ಟು ತಿಳಿಗೊಳಿಸಿದರು. ನಂಟು ಬೆಳೆದು ಕಡಿದುಹೋಗುವುದು ಬೇರೆ, ನಂಟೇ ಬೆಳೆಯದಿರುವುದು ಬೇರೆ. ಸಮಾಜವಿರೋಧಿ ನಡತೆಗೆ ಬರಿಯ ಅಗಲಿಕೆಗಿಂತ ಮನೆಯೊಳಗಿನ ನಿತ್ಯಕಲಹವೇ ಹೆಚ್ಚು ಕಾರಣವೆಂದು ಅವರು ತೋರಿಸಿದರು.

ಬೌಲ್ಬಿಯವರು ನಂಟು, ಅಗಲಿಕೆ, ನಷ್ಟ ಎಂಬ ಮೂರು ವಿಷಯಗಳನ್ನು ಕುರಿತ ತಮ್ಮ ಮಹಾಗ್ರಂಥದ ಸಂಪುಟಗಳನ್ನು ೧೯೬೯, ೧೯೭೩, ೧೯೮೦ರಲ್ಲಿ ಹೊರತಂದರು. ಕೊನೆಯ ಪುಸ್ತಕ ಚಾರ್ಲ್ಸ್ ಡಾರ್ವಿನ್ನರ ಜೀವನಚರಿತ್ರೆ. ಎಂಟನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡ ಆ ವಿಜ್ಞಾನಿಯ ದೀರ್ಘಕಾಲದ ಅನಾರೋಗ್ಯಕ್ಕೂ ಆ ದುಃಖಕ್ಕೂ ಸಂಬಂಧವಿರಬಹುದೆಂದು ಅವರು ಅಲ್ಲಿ ವಿವೇಚಿಸಿದರು. ೧೯೯೦ರ ಸೆಪ್ಟೆಂಬರ್ ೨ರಂದು, ಸ್ಕಾಟ್ಲೆಂಡಿನ ಸ್ಕೈ ದ್ವೀಪದಲ್ಲಿ, ೮೩ನೆಯ ವಯಸ್ಸಿನಲ್ಲಿ ಅವರು ಕಾಲವಾದರು.

ಅವರು ಕಣ್ಮುಚ್ಚಿದ ಬಳಿಕ

ಅವರ ಸಾವಿಗೆ ಕೆಲವು ತಿಂಗಳ ಹಿಂದೆ, ೧೯೮೯ರ ಡಿಸೆಂಬರಿನಲ್ಲಿ, ರುಮೇನಿಯಾದ ಸರ್ವಾಧಿಕಾರ ಕುಸಿದಿತ್ತು. ಅಲ್ಲಿಯ ಅನಾಥಾಲಯಗಳ ತೊಟ್ಟಿಲುಗಳಲ್ಲಿ ಮಾತಿಲ್ಲದೆ ತೂಗಾಡುತ್ತ ಕುಳಿತಿದ್ದ ಸಾವಿರಾರು ಮಕ್ಕಳನ್ನು ಜಗತ್ತು ಕಂಡಿತು. ಆಹಾರ ಅಲ್ಪಸ್ವಲ್ಪ ಇತ್ತು, ಎತ್ತಿಕೊಳ್ಳುವ ಕೈಗಳು ಇರಲಿಲ್ಲ. ಹೊಸ ಶತಮಾನದ ಆರಂಭದಲ್ಲಿ ಅಮೆರಿಕಾದ ವಿಜ್ಞಾನಿಗಳು ರಾಜಧಾನಿ ಬುಖಾರೆಸ್ಟಿನ ಅನಾಥಾಲಯಗಳಲ್ಲಿದ್ದ ೧೩೬ ಶಿಶುಗಳನ್ನು ಆರಿಸಿ, ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸಾಕು ತಾಯ್ತಂದೆಯರನ್ನು ಒದಗಿಸಿದರು. ಸಾಕುಮನೆಗೆ ಹೋದ ಮಕ್ಕಳ ಬುದ್ಧಿ, ಮಾತು, ಮಮತೆಗಳು ಚಿಗುರಿದವು. ಎರಡು ವರ್ಷದೊಳಗೆ ಹೋದವರಿಗೆ ಲಾಭ ಹೆಚ್ಚು. ತಡವಾಗಿ ಹೋದವರಿಗೆ ಕಡಿಮೆ. ಸಹಾಯವು ಬೇಗನೆ ಬರಬೇಕೆಂದು ಬೌಲ್ಬಿಯವರು ಹೇಳಿದ್ದ ಮಾತಿಗೆ ಇದಕ್ಕಿಂತ ದೊಡ್ಡ ಪುರಾವೆ ಬೇಕಾಗಿಲ್ಲ.

ಇಂದಿನ ವೈದ್ಯರು ವ್ಯಕ್ತಿತ್ವದ ದೋಷವೆಂದು ಕರೆಯುವ ಸ್ಥಿತಿಗಳಿವೆ. ಅನ್ಯರ ನೋವನ್ನು ಲೆಕ್ಕಿಸದೆ ನಡೆಯುವುದು ಒಂದು ಬಗೆ. ಕ್ಷಣಕ್ಕೊಂದು ಭಾವ, ತೊರೆದುಹೋಗುವರೆಂಬ ತೀವ್ರ ಭಯ, ತನ್ನ ಮೈಗೆ ತಾನೇ ಗಾಯ ಮಾಡಿಕೊಳ್ಳುವುದು ಇನ್ನೊಂದು ಬಗೆ. ಇವುಗಳಿಗೆ ಹುಟ್ಟಿನಿಂದ ಬಂದ ಗುಣವೂ ಕಾರಣ, ಎಳವೆಯ ಅನುಭವವೂ ಕಾರಣ. ತಾಯಿಯೊಬ್ಬಳನ್ನೇ ದೂಷಿಸುವುದು ಅನ್ಯಾಯ. ಮೊದಲನೆಯ ಬಗೆಯ ದೋಷದ ಹೆಸರನ್ನು ಹದಿನೆಂಟು ವರ್ಷ ತುಂಬದವರಿಗೆ ವೈದ್ಯರು ಹಚ್ಚುವುದೇ ಇಲ್ಲ. ಹೆಸರು ಹಚ್ಚದಿದ್ದರೂ ಲಕ್ಷಣಗಳು ಮುಂಚೆಯೇ ತಲೆದೋರುತ್ತವೆ. ಮತ್ತೆ ಮತ್ತೆ ಕದಿಯುವುದು, ಪ್ರಾಣಿಗಳನ್ನು ಹಿಂಸಿಸುವುದು, ಮನೆ ಬಿಟ್ಟು ಓಡುವುದು, ಯಾರ ಮೇಲೂ ನಂಬಿಕೆಯಿಡದಿರುವುದು ಇವು ಬೆತ್ತವನ್ನು ಬೇಡುವ ಅಪರಾಧಗಳಲ್ಲ, ನೆರವನ್ನು ಬೇಡುವ ಲಕ್ಷಣಗಳು. ಎಳೆಯ ಮಕ್ಕಳ ವಿಷಯದಲ್ಲಿ ಚಿಕಿತ್ಸೆ ಬಹುಮಟ್ಟಿಗೆ ಹೆತ್ತವರಿಗೆ ಕೊಡುವ ತರಬೇತಿಯೇ: ಒಳ್ಳೆಯ ನಡತೆಯನ್ನು ಕಂಡು ಹೊಗಳುವುದು, ಹೇಳಿದ ನಿಯಮದಲ್ಲಿ ನಿಲ್ಲುವುದು, ಹೊಡೆಯದೆ ತಿದ್ದುವುದು, ಮಗುವಿನೊಡನೆ ನಿತ್ಯ ಸ್ವಲ್ಪ ಹೊತ್ತು ಆಡುವುದು.

ನಮ್ಮವರು ಮಾಡಬಹುದಾದುದು

ಊರಿನಲ್ಲಿ ಮಗುವನ್ನು ಬಿಟ್ಟು ಬಂದ ತಂದೆ ಈ ಲೇಖನವನ್ನು ಓದಿ ಎದೆಗುಂದಬೇಕಾದುದಿಲ್ಲ. ಮಗುವನ್ನು ಅಕ್ಕರೆಯಿಂದ ನೋಡಿಕೊಳ್ಳುವ ಸ್ಥಿರವಾದ ಒಬ್ಬರು ಇದ್ದಾರೆಯೆ ಎಂಬುದೇ ಮುಖ್ಯ ಪ್ರಶ್ನೆ. ಅಜ್ಜಿಯ ಬಳಿ ಚೆನ್ನಾಗಿ ಬೆಳೆಯುತ್ತಿರುವ ಮಗುವನ್ನು ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ ಎಂದು ಕೈಯಿಂದ ಕೈಗೆ ದಾಟಿಸದಿರುವುದು ಲೇಸು. ಕರೆದುಕೊಂಡು ಬರಬೇಕಾದಾಗ ಹೇಳದೆ ಕೇಳದೆ ಕಿತ್ತು ತರದೆ, ಅಜ್ಜಿಯನ್ನೂ ಕೆಲವು ದಿನ ಜೊತೆಗೆ ಕರೆತರಬಹುದು. ದೂರದಲ್ಲಿರುವ ತಂದೆ ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ಫೋನಿನಲ್ಲಿ ಮಾತನಾಡಿದರೆ ಮಗುವಿಗೆ ಅದೊಂದು ಆಸರೆ. ಬರುತ್ತೇನೆಂದು ಮಾತು ಕೊಟ್ಟು ಬಾರದಿರುವುದು, ಬಾರದಿರುವುದಕ್ಕಿಂತಲೂ ಹೆಚ್ಚಿನ ಪೆಟ್ಟು.

ಹೋಟೆಲುಗಳಲ್ಲಿ ಮಕ್ಕಳನ್ನು ದುಡಿಸುವುದನ್ನು ನಮ್ಮ ದೇಶದಲ್ಲಿ ೨೦೦೬ರಲ್ಲಿಯೇ ನಿಷೇಧಿಸಲಾಯಿತು. ೨೦೧೬ರ ತಿದ್ದುಪಡಿಯಿಂದ ಕಾನೂನು ಇನ್ನೂ ಬಿಗಿಯಾಗಿದೆ. ಆದರೂ ಹದಿನೆಂಟು ಹತ್ತೊಂಬತ್ತರ ತರುಣರು ಊರಿನಿಂದ ಬಂದು ನಮ್ಮ ಅಡಿಗೆಮನೆಗಳಲ್ಲಿ ನಿಲ್ಲುತ್ತಲೇ ಇದ್ದಾರೆ. ಮೀಸೆ ಮೂಡಿದೊಡನೆ ಒಳಗಿನ ಮಗು ಬೆಳೆದುಬಿಡುವುದಿಲ್ಲ. ಹಿಂದಿನ ದಿನಗಳಲ್ಲಿ ರಾತ್ರಿ ಶಾಲೆಯ ಮೇಷ್ಟ್ರೊಬ್ಬರು, ಹೆಸರು ಹಿಡಿದು ಕರೆದು ಊಟವಾಯಿತೇ ಎಂದು ವಿಚಾರಿಸುವ ಹಿರಿಯ ಅಡಿಗೆಯವರೊಬ್ಬರು ಎಷ್ಟೋ ಮಾಣಿಗಳನ್ನು ದಾರಿ ತಪ್ಪದಂತೆ ಉಳಿಸಿದ್ದಾರೆ. ಅವರು ಬೌಲ್ಬಿಯವರ ಹೆಸರನ್ನು ಕೇಳಿದವರಲ್ಲ. ಆದರೆ ಬೌಲ್ಬಿಯವರು ಹೇಳಿದ್ದನ್ನೇ ಮಾಡಿದವರು. ಆ ಸ್ಥಾನದಲ್ಲಿ ಈಗ ನಾವಿದ್ದೇವೆ.

ಮನೆಯ ಮಗುವಿನ ನಡತೆ ಕೈಮೀರುತ್ತಿದೆಯೆನಿಸಿದರೆ ನಾಚಿಕೊಂಡು ಮುಚ್ಚಿಡದೆ, ದೊಡ್ಡ ಸರಕಾರೀ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಕರೆದೊಯ್ಯಬೇಕು. ಭಾಷೆಯ ತೊಡಕಿದ್ದವರು ೨೦೨೨ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಎಂಬ ಉಚಿತ ಸೇವೆಯ ೧೪೪೧೬ ಸಂಖ್ಯೆಗೆ ಫೋನು ಮಾಡಿ ಕನ್ನಡದಲ್ಲಿಯೇ ಸಲಹೆ ಕೇಳಬಹುದು. ಕಷ್ಟದಲ್ಲಿ ಸಿಕ್ಕಿದ ಮಗು ಕಣ್ಣಿಗೆ ಬಿದ್ದರೆ ೧೦೯೮ ಎಂಬ ಸಂಖ್ಯೆಯಿದೆ. ಆ ಸೇವೆ ಮೊದಲು ೧೯೯೬ರಲ್ಲಿ ಮುಂಬಯಿಯಲ್ಲಿಯೇ ಹುಟ್ಟಿತೆಂಬುದು ಇಲ್ಲಿಯ ಕನ್ನಡಿಗರಿಗೆ ಅಭಿಮಾನದ ಸಂಗತಿಯಾಗಲಿ. ನಾಲ್ಕನೆಯ ವಯಸ್ಸಿನಲ್ಲಿ ದಾದಿಯನ್ನು ಕಳೆದುಕೊಂಡ ಬಾಲಕನೊಬ್ಬನು ತನ್ನ ನೋವನ್ನು ಮರೆಯದೆ, ಅದನ್ನು ಜಗತ್ತಿನ ಮಕ್ಕಳ ಹಿತಕ್ಕೆ ಬಳಸಿದನು. ಎಳವೆಯಲ್ಲಿಯೇ ಮನೆಯನ್ನು ಅಗಲಿ ಬಂದ ನಮ್ಮ ಜನರಿಗೂ ಆ ನೆನಪಿನ ಬಂಡವಾಳವಿದೆ. ಅದನ್ನು ನಮ್ಮ ನೆರೆಯ ಒಂದು ಮಗುವಿಗಾಗಿ ವೆಚ್ಚ ಮಾಡೋಣ.